ಎರಡನೇ ಹೆರಿಗೆಗೆ ಅಮ್ಮನನ್ನು ಯಾವಾಗ ಕರೆಸಬೇಕು? ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದ ನನ್ನ ಲೆಕ್ಕಾಚಾರ

ಈ ವಾರ ನಮ್ಮ ಕನ್ನಡಿಗರ ಗುಂಪಿನಲ್ಲಿ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದ್ದಾರೆ. ಎರಡನೇ ಮಗುವಿಗೆ ಊರಿಂದ ಅಮ್ಮನನ್ನು ಯಾವಾಗ ಕರೆಸಬೇಕು ಅಂತ. ನನಗೀಗ 37ನೇ ವಾರ. ಸೋಫಾ ಮೇಲೆ ಎಡಕ್ಕೆ ಒರಗಿಕೊಂಡು ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ನೀವೇ ಹೊಟ್ಟೆಗೆ ಹಾಕಿಕೊಳ್ಳಿ, ನನ್ನ ಹೊಟ್ಟೆಯಲ್ಲಿ ಜಾಗ ಇಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ಡ್ಯೂ ಡೇಟ್‌ಗಿಂತ ಮುಂಚೆ ಕರೆಸಬೇಡಿ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ.

ಅಮ್ಮ ಬರುವ ಷೆಂಗೆನ್ ವೀಸಾದಲ್ಲಿ, ಅಂದರೆ ಯುರೋಪಿನ ವಿಸಿಟ್ ವೀಸಾದಲ್ಲಿ, ಸಿಗುವುದು 180 ದಿನಗಳಲ್ಲಿ 90 ದಿನ, ಅಷ್ಟೇ. ಅಮ್ಮ ಒಂದು ತಿಂಗಳು ಮುಂಚೆ ಬಂದರೆ ಅದರಲ್ಲಿ ಮೂರನೇ ಒಂದು ಪಾಲು ಮಗು ಹುಟ್ಟುವ ಮೊದಲೇ ಖರ್ಚಾಗುತ್ತದೆ. ಆ ತಿಂಗಳು ಅವರಿಗೆ ಇಲ್ಲಿ ಮಾಡಲು ಏನೂ ಇರುವುದಿಲ್ಲ. ಗಂಡ ಆಫೀಸ್ ಕಾಲ್‌ನಲ್ಲಿ, ದೊಡ್ಡ ಮಗು ಶಾಲೆಯಲ್ಲಿ, ಅವರು ಕಿಟಕಿ ಪಕ್ಕ ಕೂತು ಸೈಕಲ್ ಎಣಿಸುತ್ತಾ. ಆಮೇಲೆ ಮಗುವಿಗೆ ಸಂಜೆ ಸಂಜೆ ಅಳು ಶುರುವಾಗಿ, ನಮಗೆ ನಿದ್ದೆ ಇಲ್ಲದೆ ತಲೆ ಕೆಟ್ಟುಹೋಗಿರುವಾಗ ಅವರ ರಿಟರ್ನ್ ಟಿಕೆಟ್ ಹತ್ತಿರ ಬಂದಿರುತ್ತದೆ.

ಇನ್ನೊಂದು ಕಾರಣ ಕ್ರಾಮ್‌ಜೋರ್ಗ್. ಹೊಸಬರಿಗೆ ಹೇಳುತ್ತೇನೆ, ಹೆರಿಗೆಯಾದ ಮೇಲೆ ತರಬೇತಿ ಪಡೆದ ಹೆಂಗಸೊಬ್ಬರು ದಿನಾ ಮನೆಗೇ ಬಂದು ಬಾಣಂತಿ ಮತ್ತು ಮಗು ಇಬ್ಬರನ್ನೂ ನೋಡಿಕೊಳ್ಳುತ್ತಾರೆ. ಹೆಲ್ತ್ ಇನ್ಶೂರೆನ್ಸ್‌ನ ಬೇಸಿಕ್ ಪ್ಯಾಕೇಜಿನಲ್ಲೇ ಇದೆ. ಕಡಿಮೆ ಅಂದರೆ 24 ಗಂಟೆ, ಜಾಸ್ತಿ ಅಂದರೆ 80 ಗಂಟೆ, ಎಂಟರಿಂದ ಹತ್ತು ದಿನಗಳಲ್ಲಿ ಹಂಚಿಕೊಂಡು ಬರುತ್ತಾರೆ. ಗಂಟೆಗೆ ಐದು ಯೂರೋ ಚಿಲ್ಲರೆ ನಮ್ಮ ಕೈಯಿಂದ, ಎಕ್ಸ್‌ಟ್ರಾ ಪಾಲಿಸಿ ಇದ್ದರೆ ಅದೂ ವಾಪಸ್ ಸಿಗಬಹುದು. ಮಗುವಿನ ತೂಕ, ಜ್ವರ, ಹೊಲಿಗೆ, ಹಾಲು ಕುಡಿಸುವುದು ಎಲ್ಲ ನೋಡುತ್ತಾರೆ, ಬಟ್ಟೆ ಒಗೆಯುತ್ತಾರೆ, ಮುಖ್ಯವಾಗಿ ದೊಡ್ಡ ಮಗುವಿನ ಜೊತೆ ಆಡುತ್ತಾರೆ. ಇದನ್ನು ಮೂರನೇ ನಾಲ್ಕನೇ ತಿಂಗಳಲ್ಲೇ ಬುಕ್ ಮಾಡಬೇಕು. ಈಗ ಆರನೇ ತಿಂಗಳು ಅನ್ನುವವರು ಓದುವುದು ನಿಲ್ಲಿಸಿ ಮೊದಲು ಫೋನ್ ಮಾಡಿ.

ಈಗ ಯೋಚನೆ ಮಾಡಿ, ಕ್ರಾಮ್‌ಜೋರ್ಗ್‌ನ ಆಕೆ ಮತ್ತು ಅಮ್ಮ ಇಬ್ಬರೂ ಒಂದೇ ವಾರ ಒಂದೇ ಮನೆಯಲ್ಲಿ. ಮೊದಲ ಸಲ ನಮ್ಮ ಮನೆಯಲ್ಲಿ ಅದೇ ಆಯಿತು. ಅಮ್ಮ ಕಿಟಕಿ ಮುಚ್ಚುವುದು, ಆಕೆ ಬಂದು ಗಾಳಿ ಬೇಕು ಅಂತ ತೆರೆಯುವುದು. ಅಮ್ಮ ನನ್ನ ಕಿವಿಗೆ ಹತ್ತಿ ಇಟ್ಟು ಸ್ಕಾರ್ಫ್ ಕಟ್ಟುವುದು, ಆಕೆ ಜ್ವರ ಬಂದಿದೆಯಾ ಅಂತ ಥರ್ಮಾಮೀಟರ್ ತರುವುದು. ನನಗೆ ತಣ್ಣನೆಯ ಬ್ರೆಡ್ಡು ಚೀಸು ಕೊಟ್ಟಿದ್ದನ್ನು ನೋಡಿ ಅಮ್ಮ ಅಡುಗೆಮನೆಯಲ್ಲಿ ನಿಂತು ಅತ್ತಿದ್ದರು. ಮಗುವಿಗೆ ರಾಗಿ ದಿಂಬು ಇಡಬೇಕು ಅಂತ ಅಮ್ಮ, ದಿಂಬೇ ಬೇಡ, ಬೆನ್ನ ಮೇಲೆ ಮಲಗಿಸಿ ಅಂತ ಆಕೆ. ದಿಂಬಿನ ವಿಷಯದಲ್ಲಿ ಡಚ್ಚರು ಹೇಳುವುದೇ ಸರಿ. ಜೇನುತುಪ್ಪ ನೆಕ್ಕಿಸುವುದೂ ಒಂದು ವರ್ಷದವರೆಗೆ ಬೇಡವೇ ಬೇಡ, ಅದರಲ್ಲಿ ಬಾಟುಲಿಸಂ ಅನ್ನುವ ವಿಷಕಾರಿ ಸೋಂಕಿನ ಭಯ ಇದೆ. ಆದರೆ ಬೆಳ್ಳುಳ್ಳಿ ಸಾರು, ಮೆಂತ್ಯದ ಗಂಜಿ, ಬೆನ್ನಿಗೆ ಬಿಸಿನೀರು, ಇದರಲ್ಲಿ ಅಮ್ಮನೇ ಗೆದ್ದರು. ಕೊನೆ ದಿನ ಆಕೆ ಸಾರಿನ ರೆಸಿಪಿ ಬರೆದುಕೊಂಡು ಹೋದಳು!

ಹಾಗಾಗಿ ಈ ಸಲ ಸಾಲಾಗಿ ಜೋಡಿಸಿದ್ದೇವೆ. ಮೊದಲ ಹತ್ತು ದಿನ ಕ್ರಾಮ್‌ಜೋರ್ಗ್ ಮತ್ತು ನನ್ನ ಗಂಡ. ಅವರಿಗೆ ಪೂರ್ತಿ ಸಂಬಳದ ಒಂದು ವಾರ ರಜೆ ಇದೆ, ಹುಟ್ಟಿದ ನಾಲ್ಕು ವಾರದೊಳಗೆ ತೆಗೆದುಕೊಳ್ಳಬೇಕು. ಆಕೆ ಹೋದ ಮೇಲೆ ಅಮ್ಮ, ಪೂರ್ತಿ 90 ದಿನ. ನನ್ನ ರಜೆ ಒಟ್ಟು 16 ವಾರ, ಅದು ಮುಗಿದ ಮೇಲೂ ಅಮ್ಮ ಸ್ವಲ್ಪ ದಿನ ಇರುತ್ತಾರೆ. ಅಮ್ಮ ವಿಮಾನ ಹತ್ತಿದ ಮೇಲೆ ಗಂಡನ ಉಳಿದ ಐದು ವಾರ. ಆ ಐದು ವಾರಕ್ಕೆ 70% ಸಂಬಳ, ಮಗುವಿಗೆ ಆರು ತಿಂಗಳು ತುಂಬುವುದರೊಳಗೆ ಮುಗಿಸಬೇಕು. ಅದಾದ ಮೇಲೂ ಮೊದಲ ವರ್ಷದಲ್ಲಿ ಇಬ್ಬರಿಗೂ ತಲಾ ಒಂಬತ್ತು ವಾರ 70% ಸಂಬಳದ ಪೇರೆಂಟಲ್ ಲೀವ್ ಇದೆ. ಗಂಡಸರು ಸುಮ್ನೆ ಎಲ್ಲವನ್ನೂ ಮೊದಲ ತಿಂಗಳಲ್ಲೇ ಸುರಿದುಬಿಡುತ್ತಾರೆ. ಮನೆಯಲ್ಲಿ ಮೂರು ಜನ ದೊಡ್ಡವರು ಒಂದು ಮಗುವಿನ ಸುತ್ತ ಕೂತಿರುತ್ತಾರೆ, ನಾಲ್ಕನೇ ತಿಂಗಳಿಗೆ ಯಾರೂ ಇರುವುದಿಲ್ಲ.

ಅಮ್ಮನಿಗೆ ಇದನ್ನು ಹೇಳಿದಾಗ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. "ಹೆರಿಗೆ ಹೊತ್ತಿಗೆ ಅಮ್ಮ ಇಲ್ಲದೆ ಹೇಗೆ?" ಅಂದರು. ಚೊಚ್ಚಲು ತವರಿಗೆ, ಎರಡನೆಯದು ಗಂಡನ ಮನೆಯಲ್ಲಿ ಅನ್ನುವ ಪದ್ಧತಿ ನಮ್ಮಲ್ಲೇ ಇದೆಯಲ್ಲಾ, ಅದನ್ನೇ ನೆನಪಿಸಿದೆ. ಎರಡು ದಿನ ಮಾತು ಕಮ್ಮಿ, ಮೂರನೇ ದಿನ ಅಂಟಿನ ಉಂಡೆಗೆ ಎಷ್ಟು ಅಂಟು ತರಲಿ ಅಂತ ಫೋನ್. ಅಂದ ಹಾಗೆ, ಅಂಟು, ಕೊಬ್ಬರಿ, ಉತ್ತುತ್ತೆ ತರಲಿ, ತುಪ್ಪ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ ಯುರೋಪಿಗೆ ತರುವ ಹಾಗಿಲ್ಲ, ಕರಿಬೇವೂ ಇಲ್ಲ. ಇಲ್ಲಿ ಬೆಣ್ಣೆ ಕೊಂಡು ಮನೆಯಲ್ಲೇ ಕಾಯಿಸಿ.

ಇಷ್ಟೆಲ್ಲ ಲೆಕ್ಕದಲ್ಲಿ ಒಂದು ದೊಡ್ಡ ತೂತು ಇದೆ. ನೋವು ಶುರುವಾದ ರಾತ್ರಿ ದೊಡ್ಡ ಮಗು ಎಲ್ಲಿ?

ಎರಡನೆಯದು ಸಾಮಾನ್ಯವಾಗಿ ಬೇಗ ಆಗುತ್ತದೆ. ಮೊದಲ ಸಲ ಒಂದು ಗಂಟೆ ಹೊತ್ತು ನಾಲ್ಕೈದು ನಿಮಿಷಕ್ಕೊಂದು ನೋವು ಬಂದ ಮೇಲೆ ಕಾಲ್ ಮಾಡಿ ಅಂದಿದ್ದ ಮಿಡ್‌ವೈಫ್, ಈ ಸಲ ಕಾಯಬೇಡ, ಬೇಗ ಮಾಡು ಅಂದಿದ್ದಾರೆ. ರಾತ್ರಿ ಎರಡು ಗಂಟೆಗೆ ಮಲಗಿರುವ ನಾಲ್ಕು ವರ್ಷದವಳನ್ನು ಎಬ್ಬಿಸಿ ಜಾಕೆಟ್ ಹಾಕುವಷ್ಟು ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಅವಳು ಹೋಗುವುದಲ್ಲ, ಯಾರಾದರೂ ಇಲ್ಲಿಗೆ ಬರಬೇಕು. ನಮಗೆ ಹತ್ತಿರದ ಎರಡು ಕನ್ನಡದ ಮನೆಯವರು ಒಪ್ಪಿದ್ದಾರೆ. ಒಂದು ಮನೆಗೆ ಕೀ ಕೊಟ್ಟಿದ್ದೇವೆ. ಹಗಲಾದರೆ ಎದುರುಮನೆಯ ಡಚ್ ಅಜ್ಜಿ ಶಾಲೆಯಿಂದ ಕರೆದುಕೊಂಡು ಬರುತ್ತಾರೆ, ಶಾಲೆಗೆ ಅವರ ಹೆಸರು ಕೊಟ್ಟಾಗಿದೆ. ಎಲ್ಲ ಸರಿಯಿದ್ದರೆ ಆಸ್ಪತ್ರೆಯವರು ಕೆಲವೇ ಗಂಟೆಗಳಲ್ಲಿ ಮನೆಗೆ ಕಳಿಸಿಬಿಡುತ್ತಾರೆ, ಹಾಗಾಗಿ ಕೇಳುತ್ತಿರುವುದು ಒಂದು ರಾತ್ರಿ ಅಥವಾ ಒಂದು ಹಗಲು. ಇದನ್ನು ಕೇಳಲು ನಮ್ಮವರು ತುಂಬ ಸಂಕೋಚ ಪಡುತ್ತಾರೆ, ಯಾಕೋ ಗೊತ್ತಿಲ್ಲ. ಗಣೇಶನ ಹಬ್ಬಕ್ಕೆ ನೂರು ಜನಕ್ಕೆ ಪುಳಿಯೋಗರೆ ಕಲಸುವವರು ಒಂದು ಮಗುವಿನ ಪಕ್ಕ ಒಂದು ರಾತ್ರಿ ಮಲಗುವುದಿಲ್ಲವೇ?

ಮಗಳ ಕಥೆ ಬೇರೆ. ಅವಳಿಗೆ ಮಗುಗಿಂತ ಶಾಲೆಗೆ ಹಂಚುವ ತಿಂಡಿಯದೇ ಚಿಂತೆ. ಇಲ್ಲಿ ಮಗು ಹುಟ್ಟಿದರೆ ದುಂಡನೆಯ ರಸ್ಕಿಗೆ ಬೆಣ್ಣೆ ಸವರಿ, ಮೇಲೆ ಸಕ್ಕರೆ ಲೇಪಿಸಿದ ಸೋಂಪಿನ ಜಾತಿಯ ಕಾಳು ಉದುರಿಸಿ ಹಂಚುತ್ತಾರೆ. ಹೆಣ್ಣಾದರೆ ಗುಲಾಬಿ ಬಿಳಿ, ಗಂಡಾದರೆ ನೀಲಿ ಬಿಳಿ. ಆ ಕಾಳು ಬಾಣಂತಿಗೆ ಹಾಲು ಹೆಚ್ಚಿಸುತ್ತದೆ ಅಂತ ಇವರ ಅಜ್ಜಿಯರೂ ನಂಬುತ್ತಿದ್ದರಂತೆ. ಇವಳು ಗುಲಾಬಿಯೇ ಬೇಕು ಅಂತ ಹಟ ಹಿಡಿದು ಕೂತಿದ್ದಾಳೆ. ಎರಡೂ ಡಬ್ಬ ತಂದಿಟ್ಟಿದ್ದೇನೆ.

ಹೋದ ವಾರ "ಪಾಪು ಜೊತೆ ನಾನು ಡಚ್ ಮಾತಾಡ್ತೀನಿ, ಅಮ್ಮ ನೀನು ಕನ್ನಡ ಮಾತಾಡು" ಅಂತ ಕೆಲಸ ಹಂಚಿದಳು. ನಗು ಬಂತು, ಸ್ವಲ್ಪ ಭಯವೂ ಆಯಿತು. ಎರಡು ಮಕ್ಕಳಿರುವವರ ಮನೆಯಲ್ಲಿ ನೋಡಿದ್ದೇನೆ, ದೊಡ್ಡವರು ಶಾಲೆಯ ಭಾಷೆಯನ್ನು ಮನೆಯೊಳಗೆ ತರುತ್ತಾರೆ, ಚಿಕ್ಕವರು ಕನ್ನಡಕ್ಕಿಂತ ಮೊದಲು ಅದನ್ನೇ ಹಿಡಿಯುತ್ತಾರೆ. ಅದಕ್ಕೇ ಲಾಲಿ ಹಾಡುವ ಕೆಲಸ ಅವಳಿಗೇ ಕೊಟ್ಟಿದ್ದೇನೆ. ಅರ್ಧ ಸಾಲು ಬರುತ್ತದೆ, ಉಳಿದದ್ದು ಅವಳೇ ಕಟ್ಟುತ್ತಾಳೆ.

ಹೆಸರಿನ ವಿಷಯ ಮರೆಯಬೇಡಿ. ಹುಟ್ಟಿದ ಮೂರು ದಿನದೊಳಗೆ ಮುನಿಸಿಪಾಲಿಟಿಯಲ್ಲಿ ಹೆಸರು ಸಮೇತ ನೋಂದಾಯಿಸಬೇಕು. ಅದೂ ನೀವು ಇರುವ ಊರಲ್ಲಲ್ಲ, ಮಗು ಹುಟ್ಟಿದ ಊರಲ್ಲಿ. ಐಂಡ್‌ಹೋವನ್‌ನಲ್ಲಿ ಮನೆ, ವೆಲ್ಡ್‌ಹೋವನ್‌ನಲ್ಲಿ ಹೆರಿಗೆ ಅಂದರೆ ವೆಲ್ಡ್‌ಹೋವನ್‌ನಲ್ಲೇ ಮಾಡಿಸಬೇಕು. ಹನ್ನೊಂದನೇ ದಿನದ ನಾಮಕರಣದವರೆಗೆ ಕಾಯುವ ಮಾತೇ ಇಲ್ಲ. ನಕ್ಷತ್ರದ ಅಕ್ಷರವೇ ಬೇಕು ಅನ್ನುವ ಮನೆಯಾದರೆ ಆ ಹೆಸರು ತೊಟ್ಟಿಲ ಹತ್ತಿರ ಕಿವಿಯಲ್ಲಿ ಹೇಳಿ, ದಾಖಲೆಗೆ ಮೊದಲೇ ಒಂದು ಹೆಸರು ಇಟ್ಟುಕೊಳ್ಳಿ. ನಾವು ಹಾಗೇ ಮಾಡುತ್ತಿದ್ದೇವೆ, ಮಾವನವರೂ ಒಪ್ಪಿದ್ದಾರೆ, ಅದೇ ದೊಡ್ಡದು. ಇಲ್ಲಿ ಹುಟ್ಟಿದ ಮಾತ್ರಕ್ಕೆ ಡಚ್ ಪೌರತ್ವ ಸಿಗುವುದಿಲ್ಲ. ಹೇಗ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ಒಂದು ವರ್ಷದೊಳಗೆ ಜನನ ನೋಂದಣಿ ಮಾಡಿಸಿ, ಜೊತೆಗೇ ಪಾಸ್‌ಪೋರ್ಟ್‌ಗೂ ಹಾಕಿ.

ಮನೆಯಲ್ಲಿ ಉಳಿದಿರುವುದು ಸಣ್ಣಪುಟ್ಟ ಕೆಲಸ. ಆಸ್ಪತ್ರೆಯಲ್ಲೇ ಹೆರಿಗೆಯಾದರೂ ಮನೆಯ ಮಂಚ 80 ಸೆಂಟಿಮೀಟರ್ ಎತ್ತರ ಇರಬೇಕು, ಕ್ರಾಮ್‌ಜೋರ್ಗ್‌ನವರು ಬಗ್ಗಿ ಬಗ್ಗಿ ಬೆನ್ನು ಹಾಳುಮಾಡಿಕೊಳ್ಳಬಾರದಲ್ಲ. ಕಾಲಿಗೆ ಇಡುವ ದಿಮ್ಮಿ ಬಾಡಿಗೆಗೆ ಸಿಗುತ್ತದೆ, ನಾಳೆ ಬರುತ್ತದೆ. ಮಂಚ ಹತ್ತಲು ನನಗೇ ಸ್ಟೂಲ್ ಬೇಕು, ಅದು ಬೇರೆ ಮಾತು. ಸಾಂಬ್ರಾಣಿ ಹಾಕುವವರು ಸ್ಮೋಕ್ ಅಲಾರಂ ನೆನಪಿಟ್ಟುಕೊಳ್ಳಿ, 2022ರ ಜುಲೈನಿಂದ ಪ್ರತಿ ಮಹಡಿಯಲ್ಲೂ ಕಡ್ಡಾಯ. ಹೋದ ಸಲ ನಮ್ಮ ಮನೆಯದು ಕೂಗಿದ ರೀತಿಗೆ ಪಕ್ಕದ ಬೀದಿಯವರೂ ಹೊರಗೆ ಬಂದಿದ್ದರು. ಬಾಲ್ಕನಿಯಲ್ಲಿ ಹಾಕಿ ಕೂದಲಿಗೆ ಹೊಗೆ ಹಿಡಿದರೂ ಸಾಕು, ಮಗುವಿಗೆ ಬೇಡ.

ಕೊನೆಗೆ ನನ್ನ ಸ್ವಾರ್ಥ. ಇಲ್ಲೇ ಐಂಡ್‌ಹೋವನ್‌ನ ವೂನ್ಸೆಲ್ ಕಡೆ ಇರುವವರಲ್ಲಿ ಯಾರಾದರೂ ಮುಂದಿನ ಮೂರು ವಾರ ರಾತ್ರಿ ಫೋನ್ ಸೈಲೆಂಟ್ ಮಾಡದೆ ಮೂರನೇ ಮನೆಯಾಗಿ ನಿಲ್ಲುತ್ತೀರಾ? ಒಪ್ಪಿರುವ ಎರಡರಲ್ಲಿ ಒಂದು ಮನೆಯವರು ಶಾಲೆ ರಜೆಗೆ ಊರಿಗೆ ಹೋಗುತ್ತಿದ್ದಾರೆ. ಮಗಳು ರಾತ್ರಿ ಏಳುವುದಿಲ್ಲ, ಎದ್ದರೆ ನೀರು ಕೇಳುತ್ತಾಳೆ. ಬೆಕ್ಕಿಗೆ ಹೆದರುತ್ತಾಳೆ, ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಇನ್ನೊಂದು, ನೆಲದ ಮೇಲೆ ನಿಲ್ಲುವ ಮರದ ತೊಟ್ಟಿಲು ಯಾರ ಹತ್ತಿರವಾದರೂ ಇದ್ದರೆ ನಾಮಕರಣದ ಒಂದು ದಿನಕ್ಕೆ ಕೊಡಿ. ಬಾಡಿಗೆ ಮನೆ, ಚಾವಣಿಗೆ ಕೊಕ್ಕೆ ಹೊಡೆಯಲು ಓನರ್ ಬಿಡುವುದಿಲ್ಲ. ಕಾರ್ ಕಳಿಸುತ್ತೇನೆ.