ಅಪ್‌ಡೇಟ್: ಪಿತ್ತನಾಳದ ಕ್ಯಾನ್ಸರ್‌ಗೆ ರೋಬೋಟಿಕ್ ಸರ್ಜರಿ, ಪಿತ್ತ ಸೋರಿಕೆ

ಕೇಳಿದ್ದು ಇಷ್ಟೇ: ಕ್ಯಾನ್ಸರ್ ಇರುವ ಪಿತ್ತನಾಳ ತೆಗೆದು, ಉಳಿದ ತುದಿಯನ್ನು ಕರುಳಿಗೆ ಜೋಡಿಸುವಾಗ ರೋಬೋಟ್‌ನಿಂದ ಲಾಭ ಇದೆಯಾ? ಡ್ರೈನ್‌ನಲ್ಲಿ (ಸರ್ಜರಿ ನಂತರ ಹೊಟ್ಟೆಯೊಳಗಿನ ದ್ರವ ಹೊರತರುವ ಕೊಳವೆ) ಪಿತ್ತ ಬಂದರೆ ಯಾವಾಗ ಸೋರಿಕೆ ಅನ್ನಬೇಕು?

ಲಾಭ ಇರೋದು ಹೊಲಿಗೆಯಲ್ಲಿ. ಕೆಲವೇ ಮಿಲಿಮೀಟರ್ ಅಗಲದ ನಾಳದ ಬಾಯಿಗೆ 5-0 ಅನ್ನೋ ತುಂಬಾ ತೆಳು ದಾರದಲ್ಲಿ ಮೊದಲು ಹಿಂಬದಿ ಗೋಡೆ ಹೊಲಿಯಬೇಕು, ಆಮೇಲೆ ಮುಂಬದಿ. ಮಣಿಕಟ್ಟಿನಂತೆ ತಿರುಗುವ ರೋಬೋಟ್ ಉಪಕರಣ ಸೂಜಿಯನ್ನು ಬೇಕಾದ ಕೋನಕ್ಕೆ ತರುತ್ತೆ. ಲ್ಯಾಪರೊಸ್ಕೋಪಿಯ (ಸಣ್ಣ ರಂಧ್ರಗಳ ಮೂಲಕ ಮಾಡುವ ಸರ್ಜರಿ) ನೆಟ್ಟನೆ ಉಪಕರಣಕ್ಕೆ ಅದೇ ಕಷ್ಟ. ಆದರೆ ಹೆಚ್ಚಿನ ರೋಬೋಟ್‌ಗಳಲ್ಲಿ ಸರ್ಜನ್ ಕೈಗೆ ದಾರದ ಬಿಗಿ ಗೊತ್ತಾಗಲ್ಲ. ಕಣ್ಣಳತೆಯೇ ಗತಿ. ಜಾಸ್ತಿ ಎಳೆದರೆ ದಾರ ತುಂಡಾಗುತ್ತೆ, ಇಲ್ಲವೇ ನಾಳ ಸೀಳುತ್ತೆ.

ಸೋರಿಕೆಯನ್ನು ಬಣ್ಣ ನೋಡಿ ಹೇಳೋದಲ್ಲ. ಸರ್ಜರಿಯಾದ 3ನೇ ದಿನ ಅಥವಾ ನಂತರ ಡ್ರೈನ್ ದ್ರವದ ಬಿಲಿರುಬಿನ್ (ಪಿತ್ತದ ಹಳದಿ ವರ್ಣದ್ರವ್ಯ) ರಕ್ತದಲ್ಲಿರುವುದರ ಕನಿಷ್ಠ 3 ಪಟ್ಟು ಇದ್ದರೆ ಸೋರಿಕೆ ಅಂತ ಲೆಕ್ಕ. ರಕ್ತದಲ್ಲಿ 1.2, ಡ್ರೈನ್‌ನಲ್ಲಿ 4.8 ಬಂದರೆ 4 ಪಟ್ಟಾಯ್ತು. ಎರಡೂ ಸ್ಯಾಂಪಲ್ ಒಂದೇ ಹೊತ್ತಿಗೆ ತೆಗೆಯಬೇಕು. ಸಣ್ಣ ಸೋರಿಕೆ ಎಷ್ಟೋ ಸಲ ಡ್ರೈನ್ ಹಾಗೇ ಬಿಟ್ಟರೆ ನಿಲ್ಲುತ್ತೆ. ಜ್ವರ ಬಂದರೆ ಸ್ಕ್ಯಾನ್.

ಕೇಳಲು ಮರೆತದ್ದೇ ದೊಡ್ಡದು: ಲಿವರ್ ಭಾಗವನ್ನೂ ತೆಗೆಯುವುದಾದರೆ ಎಷ್ಟು ಉಳಿಯುತ್ತೆ? ಲಿವರ್ ಆರೋಗ್ಯವಾಗಿದ್ದರೆ ಅದರ ಸುಮಾರು 20–25%, ಕೀಮೋ ಆಗಿದ್ದರೆ 30%, ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗಿರುವುದು) ಇದ್ದರೆ 40% ಉಳಿಯಬೇಕು. ಅದು ಸಾಲದಿದ್ದರೆ ಯಾವ ರೋಬೋಟೂ ಉಪಯೋಗಕ್ಕಿಲ್ಲ. ಮೊದಲು ತೆಗೆಯುವ ಭಾಗದ ಪೋರ್ಟಲ್ ವೇನ್ (ಕರುಳಿನಿಂದ ಲಿವರ್‌ಗೆ ರಕ್ತ ತರುವ ನಾಳ) ಕವಲನ್ನು ಮುಚ್ಚಿ, ಉಳಿಯುವ ಭಾಗ ಬೆಳೆಯಲು ಕೆಲವು ವಾರ ಕಾಯಬೇಕು.