ಗ್ವಾನ್‌ಯಿನ್ ಕೆತ್ತಿದ ಮಸಿಕಲ್ಲು: ನಿಜವಾಗಲೂ ಹಳೆಯದಾ?

ಪ್ರಶ್ನೆ:
ಬೀಜಿಂಗ್‌ನ ಹಳೆ ಸಾಮಾನಿನ ಸಂತೆಯೊಂದರಲ್ಲಿ 1,800 ಯುವಾನ್ ಕೊಟ್ಟು ಮಸಿ ತೇಯುವ ಕಲ್ಲೊಂದನ್ನು ತಂದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ನೇರಳೆ ಬೆರೆತ ಕಂದು ಬಣ್ಣ. ಮೇಲ್ಗಡೆ ಕಮಲದ ಮೇಲೆ ಕೂತ ಗ್ವಾನ್‌ಯಿನ್, ಅಂದ್ರೆ ಚೀನಿಯರ ಅವಲೋಕಿತೇಶ್ವರ. ತಲೆಯ ಹಿಂದೆ ಕಡಲೆಕಾಳಿನಷ್ಟು ತಿಳಿಹಸಿರು ಚುಕ್ಕೆ, ಥೇಟ್ ಚಂದ್ರ. ಅಡಿಯಲ್ಲಿ ಚಿಯಾನ್‌ಲಾಂಗ್ ದೊರೆಯ ಮುದ್ರೆ. ದುವಾನ್ ಕಲ್ಲು, 250 ವರ್ಷ ಹಳೆಯದು ಎಂದ ಮಾರಿದವನು. ನಾನು ಕುಂಚ ಹಿಡಿದು ಎರಡೇ ವರ್ಷ. ಆ ಚುಕ್ಕೆಗೇ ಮರುಳಾದೆ. ಟೋಪಿ ಬಿತ್ತಾ?

ಉತ್ತರ 1:
ಮುದ್ರೆಯನ್ನು ಮರೆತುಬಿಡಿ. ಚಿಯಾನ್‌ಲಾಂಗ್ 1796ರಲ್ಲೇ ಪಟ್ಟ ಬಿಟ್ಟ, ಅವನ ಹೆಸರು ಕೆತ್ತುವವರು ಮಾತ್ರ ಇನ್ನೂ ಬಿಟ್ಟಿಲ್ಲ!

ನೋಡಬೇಕಾದ್ದು ಆ ಚುಕ್ಕೆಯನ್ನು. ಅದಕ್ಕೆ 'ಕಣ್ಣು' ಎನ್ನುತ್ತಾರೆ. ಗುವಾಂಗ್‌ಡಾಂಗ್‌ನ ಜಾವ್‌ಚಿಂಗ್ ಬಳಿ ಸಿಗುವ ದುವಾನ್ ಕಲ್ಲಿಗೆ ಹೆಸರು ಬಂದಿದ್ದರಲ್ಲಿ ಈ ಕಣ್ಣಿನ ಪಾಲೂ ಇದೆ. ಒಳ್ಳೆ ಕೆತ್ತನೆಗಾರ ಮೊದಲು ಕಣ್ಣು ಎಲ್ಲಿದೆ ಅಂತ ನೋಡಿ, ಆಮೇಲೆ ಅದನ್ನೇ ಚಂದ್ರನೋ ನಕ್ಷತ್ರವೋ ಮಾಡುತ್ತಾನೆ. ಕಣ್ಣಿದ್ದರೆ ಬೆಲೆ ಜಾಸ್ತಿ, ಅಲ್ವಾ? ಹಾಗಾಗಿ ಬೇರೆ ಕಲ್ಲಿನ ಬಿಲ್ಲೆ ಕೂರಿಸಿ ಅಂಟಿಸುವವರೂ ಇದ್ದಾರೆ. ಕಲ್ಲು ಒದ್ದೆ ಮಾಡಿ, ಭೂತಗನ್ನಡಿ ಹಿಡಿದು ಅಂಚು ನೋಡಿ.

ಉತ್ತರ 2:
ಕಲ್ಲಿನ ನಡುವೆ, ಮಸಿ ತೇಯುವ ಜಾಗ ಸವೆದಿದೆಯಾ? ಬಹಳ ವರ್ಷ ಬಳಸಿದ ಕಲ್ಲಲ್ಲಿ ಬೆರಳಿಗೆ ಸಣ್ಣ ತಗ್ಗು ಸಿಗಬಹುದು. ದಳಗಳ ಸಂದಿಗೆ ಒದ್ದೆ ಹತ್ತಿ ಒತ್ತಿ, ಮೂಸಿಯೂ ನೋಡಿ. ಹಳೆಯದಾಗಿ ಕಾಣಲಿ ಅಂತ ಬೂಟ್ ಪಾಲಿಶ್ ತಿಕ್ಕುತ್ತಾರೆ.

ಪ್ರಶ್ನೆ ಕೇಳಿದವರು:
ನೋಡಿದೆ. ಚಂದ್ರನ ಸುತ್ತ ಕೂದಲೆಳೆಯಷ್ಟು ಗೆರೆ, ಒಂದು ಕಡೆ ಅಂಟು ಹಳದಿಯಾಗಿ ಉಕ್ಕಿದೆ. ಸವೆತ ಇಲ್ಲ. ಹತ್ತಿ ಮೂಸಿದರೆ ಸಾಕ್ಷಾತ್ ಚಪ್ಪಲಿ ಗೂಡು. ಗ್ವಾನ್‌ಯಿನ್ ಮುಖ ಮಾತ್ರ ಈಗಲೂ ಚೆನ್ನಾಗೇ ಕಾಣುತ್ತೆ, ಏನ್ ಮಾಡ್ಲಿ.

ಸುಮ್ನೆ ಇರಲಾರದೆ ನಾಲ್ಕು ಹನಿ ನೀರು ಹಾಕಿ ಮಸಿಕಡ್ಡಿ ತೇಯ್ದೆ. ಕರಕರ ಸದ್ದೇ ಇಲ್ಲ. ಮಸಿ ಎಣ್ಣೆ ಥರ ನುಣ್ಣಗೆ ಬಂತು.

ಉತ್ತರ 2:
ಹಾಗಾದ್ರೆ ಕಲ್ಲು ಕೆಲಸಕ್ಕೆ ಬರುತ್ತೆ, ಬಳಸಿ. ಮಸಿ ಒಣಗಲು ಬಿಡಬೇಡಿ, ಅದರಲ್ಲಿರುವ ಪ್ರಾಣಿ ಅಂಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ತಣ್ಣೀರಲ್ಲೇ ತೊಳೆಯಿರಿ. ಬಿಸಿನೀರಿಗೆ ಚಂದ್ರ ಕಳಚಿ ಬಂದಾನು.