ರೈಡಿಂಗ್ ಮೋವರ್ ಎಡಗಡೆ ಬೋಳಿಸ್ತಿದೆ, ಬಲಗಡೆ ಬಿಡ್ತಿದೆ, ನಡುವೆ ಜುಟ್ಟು!

ತುಂಗಾತೀರದವ:
ಎಲ್ಲರಿಗೂ ನಮಸ್ಕಾರ. ನಾರ್ತ್ ಕ್ಯಾರೊಲಿನಾದ ರಾಲಿಯಿಂದ ಸ್ವಲ್ಪ ಹೊರಗೆ ಮುಕ್ಕಾಲು ಎಕರೆ ಜಾಗ ನಮ್ಮದು. ಕೆಂಪು ಜೇಡಿಮಣ್ಣು, ಟಾಲ್ ಫೆಸ್ಕ್ಯೂ ಹುಲ್ಲು. ಸೆಕೆಂಡ್ ಹ್ಯಾಂಡಲ್ಲಿ ತಗೊಂಡ, ಕೂತು ಓಡಿಸೋ ಹುಲ್ಲು ಕತ್ತರಿಸೋ ಮೋವರ್, 42 ಇಂಚಿನ ಡೆಕ್ (ಗಾಡಿ ಕೆಳಗೆ ಬ್ಲೇಡುಗಳನ್ನ ಮುಚ್ಚಿರೋ ಕವಚ), ಎರಡು ಬ್ಲೇಡು.

ಈ ಸೀಸನ್ ಶುರುವಾದಾಗಿಂದ ಎಡಗಡೆ ಮಣ್ಣು ಕಾಣೋ ಹಾಗೆ ಬೋಳಿಸತ್ತೆ, ಬಲಗಡೆ ಎತ್ತರ ಬಿಡತ್ತೆ. ಹೋಗಿ ಬಂದು ಮಾಡಿದ್ರೆ ಗದ್ದೆ ಬದುವಿನ ಹಾಗೆ ಒಂದು ಏರು, ಒಂದು ತಗ್ಗು. ಸಾಲದ್ದಕ್ಕೆ ನಟ್ಟ ನಡುವೆ ಬೆರಳಗಲ ಹುಲ್ಲು ಕತ್ತರಿಸದೆ ಜುಟ್ಟಿನ ಹಾಗೆ ಉದ್ದಕ್ಕೂ ನಿಂತಿರತ್ತೆ. ಮೂರು ಸಲ ಡೆಕ್ ಲೆವೆಲ್ ಮಾಡಿದೆ. ಈ ಶನಿವಾರ ಸರಿಯಾಗತ್ತೆ, ಮುಂದಿನ ಶನಿವಾರ ಮತ್ತೆ ವಾಲಿರತ್ತೆ.

ಊರಲ್ಲಿ ಅಪ್ಪ ಹುಲ್ಲು ಹೊಡೆಯೋ ಮಿಷನ್ ಹೆಗಲಿಗೆ ಹಾಕ್ಕೊಂಡು ಅಡಿಕೆ ತೋಟ ಸುತ್ತಿದ್ರೆ ಎಲ್ಲ ಒಂದೇ ಸಮ. ನಾನು ಸೀಟಲ್ಲಿ ಕೂತು ಹೊಡೆದದ್ದನ್ನ ವಿಡಿಯೊ ಕಾಲಲ್ಲಿ ತೋರಿಸಿದೆ. "ಎಮ್ಮೆ ಬಿಟ್ಟು ಮೇಯಿಸಿದ್ಯೇನೋ?" ಅಂದ್ರು.

ಹಾಸನದ ಸ್ಪ್ಯಾನರ್:
ಸರ್, ನಿಮ್ಮ ಮಿಷನ್‌ಗೆ ಇರೋದು ಎರಡು ಕಾಯಿಲೆ. ವಾಲೋದು ಬೇರೆ, ಜುಟ್ಟು ಬೇರೆ. ಒಂದೇ ಔಷಧಿ ಹುಡುಕಬೇಡಿ.

ಮಾಡಿದ ಲೆವೆಲ್ ವಾರದಲ್ಲಿ ತಾನಾಗೇ ಕೆಡ್ತಿದೆ ಅಂದ್ರೆ ನನ್ನ ಅನುಮಾನ ಟೈರ್ ಗಾಳಿ ಮೇಲೆ. ಡೆಕ್ ನೇತಾಡೋದು ಚಾಸಿಗೆ, ಚಾಸಿ ನಿಂತಿರೋದು ಟೈರ್ ಮೇಲೆ. ಎಡಗಡೆ ಟೈರ್ ಇಳಿದ್ರೆ ಎಡಗಡೆ ಬ್ಲೇಡೂ ಇಳೀತು. ಒದ್ದು ನೋಡಿದ್ರೆ ಗೊತ್ತಾಗಲ್ಲ, ಯಾಕಂದ್ರೆ ಇಂಥ ಟೈರಲ್ಲಿ ಸಾಮಾನ್ಯವಾಗಿ ಇರೋದೇ 10ರಿಂದ 14 ಪಿಎಸ್‌ಐ. ಕಾರಿನ ಗೇಜ್ ಅಷ್ಟು ಕೆಳಗೆ ನಂಬೋ ಹಾಗಿಲ್ಲ, ಕಡಿಮೆ ಒತ್ತಡದ ಗೇಜ್ ಒಂದು ಇಟ್ಕೊಳ್ಳಿ. ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ನಾಲ್ಕಕ್ಕೂ ತುಂಬಿಸಿ, ಆಮೇಲೇ ಡೆಕ್‌ಗೆ ಕೈ ಹಾಕಿ.

ಲೆವೆಲ್ ಎಲ್ಲಿ ಮಾಡಿದ್ರಿ? ಹುಲ್ಲಿನ ಮೇಲಾದ್ರೆ ಲೆಕ್ಕಕ್ಕಿಲ್ಲ. ಗ್ಯಾರೇಜ್ ನೆಲ ಬಾಗಿಲ ಕಡೆ ಇಳಿಜಾರಿದ್ರೂ ಪರವಾಗಿಲ್ಲ, ಉಬ್ಬು ತಗ್ಗು ಇರಬಾರದು ಅಷ್ಟೆ. ಸ್ಪಾರ್ಕ್ ಪ್ಲಗ್ ವೈರ್ ಮೊದಲು ಕಿತ್ತಿಡಿ, ಕೈಗೆ ದಪ್ಪ ಗ್ಲೌಸ್ ಹಾಕಿ. ಎರಡೂ ಬ್ಲೇಡು ಅಡ್ಡ ತಿರುಗಿಸಿ, ಹೊರತುದಿಯಿಂದ ನೆಲಕ್ಕೆ ಅಳೆಯಿರಿ. ಎಡ ಬಲ ವ್ಯತ್ಯಾಸ 1/8 ಇಂಚು ದಾಟಬಾರದು. ಆಮೇಲೆ ಉದ್ದುದ್ದ ತಿರುಗಿಸಿ. ಮುಂದಿನ ತುದಿ ಹಿಂದಿನದಕ್ಕಿಂತ ಚೂರು ಕೆಳಗಿರಬೇಕು, ನಾನು ಕಾಲಿಂಚು ಇಡ್ತೀನಿ.

ಧಾರವಾಡದ ಅಕ್ಕ:
ಜುಟ್ಟಿನ ಕತಿ ನಾ ಹೇಳ್ತೀನಿ. ಎರಡು ಬ್ಲೇಡಿನ ದಾರಿ ನಡುವ ಒಂದರ ಮ್ಯಾಲೊಂದು ಒಂದಿಷ್ಟು ಹಾಯಬೇಕು. ತುದಿ ಸವದು ದುಂಡಗಾದ್ರ ಅಲ್ಲೇ ಹುಲ್ಲು ಉಳೀತದ. ಬ್ಲೇಡಿಗೆ ಚೂಪು ಬರೀ ತುದಿಯ ಮೂರು ನಾಕು ಇಂಚಿನಾಗ ಇರ್ತದ, ಕೆಲಸ ಎಲ್ಲಾ ಅದರದ್ದ. ಎಷ್ಟು ಅರ ಹಾಕಿ ಉಜ್ಜಿದ್ರೂ ಹೋದ ತುದಿ ವಾಪಸ್ ಬರಂಗಿಲ್ಲ. ಜೋಡಿ ಹೊಸವು ಹಾಕ್ರಿ. ಬ್ಲೇಡಿನ ಎತ್ತಿದ ರೆಕ್ಕಿ ಮ್ಯಾಲೆ ಡೆಕ್ ಕಡೆ ಇರಬೇಕು, ನಮ್ಮವರು ಒಮ್ಮೆ ತಿರುಗಾಮುರುಗಾ ಹಾಕಿ ಇಡೀ ಲಾನ್ ಹರದು ಇಟ್ಟಿದ್ರು.

ಡೆಕ್ ಒಳಗ ಒಣಗಿದ ಹುಲ್ಲಿನ ಹೆಪ್ಪು ಇದ್ರ ಕೆರದು ತಗೀರಿ. ಗಾಳಿ ತಿರುಗಲಿಲ್ಲಂದ್ರ ಹುಲ್ಲು ಎದ್ದು ನಿಲ್ಲಂಗಿಲ್ಲ. ಎಂಜಿನ್ ವೇಗದ ಥ್ರಾಟಲ್ ಪೂರ್ತಿ ಇಡ್ರಿ, ಗಾಡಿ ಮಾತ್ರ ನಿಧಾನ ಓಡಿಸ್ರಿ.

ತುಂಗಾತೀರದವ:
ಸ್ಪ್ಯಾನರ್ ಸರ್, ಎಡಗಡೆ ಹಿಂದಿನ ಟೈರ್ 5 ಪಿಎಸ್‌ಐ! ಬಲಗಡೆ 11. ಸೋಪಿನ ನೀರು ಹಚ್ಚಿದೆ, ಟೈರಿನ ಉಬ್ಬುಗಳ ನಡುವೆ ಗುಳ್ಳೆ ಬಂತು. ಇಕ್ಕಳ ಹಾಕಿ ಎಳೆದ್ರೆ ಅಗಲ ತಲೆಯ ಗಿಡ್ಡ ಮೊಳೆ. ಹೋದ ಶರತ್ಕಾಲದಲ್ಲಿ ಛಾವಣಿಯ ಶಿಂಗಲ್ (ಹೆಂಚಿನ ಬದಲು ಹೊದಿಸೋ ಹಾಳೆ) ಬದಲಿಸಿದಾಗ ಬಿದ್ದದ್ದು. ತೂತಿಗೆ ರಬ್ಬರ್ ಪ್ಲಗ್ ಹಾಕಿ ಗಾಳಿ ತುಂಬಿಸಿದ ಮೇಲೆ ಅಳೆದ್ರೆ, ನಾನು ಮೂರು ಸಲ "ಸರಿ" ಮಾಡಿದ್ದ ಡೆಕ್ ಈಗ ಬಲಗಡೆ ಅರ್ಧ ಇಂಚು ಕೆಳಗೆ! ಮೆತ್ತಗಿನ ಟೈರಿಗೆ ಹೊಂದಿಸ್ತಾ ಕೂತಿದ್ದೆ ಮಾರಾಯ್ರೆ. ವಾಪಸ್ ತಿರುಗಿಸಿ ಸಮ ಮಾಡಿದೆ.

ಅಕ್ಕ, ಹಳೇ ಬ್ಲೇಡಿನ ಫೋಟೊ ಹಾಕಿದೀನಿ. ತುದಿ ಹೆಬ್ಬೆರಳಿನ ಹಾಗೆ ದುಂಡಗಾಗಿದೆ. ಹೊಸದು ನಾಳೆ ಬರತ್ತೆ.

ಹಾಸನದ ಸ್ಪ್ಯಾನರ್:
ಹೊಸದು ಹಾಕೋ ಮುಂಚೆ ಬ್ಲೇಡ್ ಕೂರೋ ಸ್ಪಿಂಡಲ್ ಹಿಡಿದು ಅಲ್ಲಾಡಿಸಿ ನೋಡಿ. ಲೊಡಲೊಡ ಅಂದ್ರೆ ಬೇರಿಂಗ್ ಹೋಗಿದೆ, ಆಗ ಹೊಸ ಬ್ಲೇಡೂ ಸಮ ಕತ್ತರಿಸಲ್ಲ. ಆಮೇಲೆ, ಛಾವಣಿ ಮೊಳೆ ಒಂದೇ ಬಿದ್ದಿರತ್ತೆ ಅನ್ಕೋಬೇಡಿ. ಚಕ್ರದ ಮೇಲೆ ತಳ್ಳೋ ಉದ್ದ ಅಯಸ್ಕಾಂತ ಬಾಡಿಗೆಗೆ ಸಿಗತ್ತೆ, ಸೂರಿನ ಕೆಳಗಡೆ ಸುತ್ತ ಒಂದು ರೌಂಡ್ ತಳ್ಳಿ. ನಮ್ಮನೇಲಿ ಕಾಫಿ ಡಬ್ಬಿ ತಳ ಮುಚ್ಚೋವಷ್ಟು ಸಿಕ್ಕಿತ್ತು.